ಟ್ಯಾಂಕ್ ಇಳಿಸೋ ಮೊದಲು: ಪಿಕಪ್‌ನ ಫ್ಯೂಯಲ್ ಪಂಪ್ ಮನೆಯಲ್ಲೇ ಬದಲಿಸಿದ್ದು

ಖಾಲಿ ಇದ್ದಾಗ ಚೆನ್ನಾಗಿ ಓಡುವ ಗಾಡಿ, ಲೋಡ್ ಹಾಕಿ ಏರು ಹತ್ತುವಾಗ ಮಾತ್ರ ಎಳೆಯೋದು ಬಿಟ್ಟರೆ, ಪೆಟ್ರೋಲ್ ಸರಿಯಾಗಿ ಬರ್ತಿದೆಯಾ ಅಂತ ಮೊದಲು ನೋಡಬೇಕು. ಸಪಾಟು ರಸ್ತೆಯಲ್ಲಿ ಎಂಜಿನ್ ಕುಡಿಯೋದು ಕಮ್ಮಿ. ಟ್ಯಾಂಕಿನ ಒಳಗೆ ಕೂತು ಎಂಜಿನ್‌ಗೆ ಪೆಟ್ರೋಲ್ ತಳ್ಳುವ ಫ್ಯೂಯಲ್ ಪಂಪ್ ಸೊರಗಿದ್ದರೂ ಹೇಗೋ ಸಾಗುತ್ತೆ. ಏರಲ್ಲಿ ಆಕ್ಸಿಲರೇಟರ್ ಒತ್ತಿದಾಗ ಅದರ ಬಂಡವಾಳ ಗೊತ್ತಾಗೋದು.

ನಮ್ಮದು ಸಣ್ಣ ಪೆಟ್ರೋಲ್ ಪಿಕಪ್, ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದು. ಕಾಫಿಯನ್ನು ಕ್ಯೂರಿಂಗ್‌ಗೆ (ಸಿಪ್ಪೆ ತೆಗೆದು ಬೀಜ ಹದ ಮಾಡುವ ಕಡೆಗೆ) ಸಾಗಿಸೋದು, ಗೊಬ್ಬರ ತರೋದು, ಎಲ್ಲಾ ಅದರಲ್ಲೇ. ಮಳೆಗೆ ಮುಂಚೆ ಗೊಬ್ಬರ ಹಾಕಬೇಕು ಅಂತ ಮೇ ತಿಂಗಳಲ್ಲಿ ಕುಶಾಲನಗರದಿಂದ ಮೂಟೆ ತುಂಬಿಕೊಂಡು ಸುಂಟಿಕೊಪ್ಪದ ಕಡೆ ಬರುವಾಗ, ಆನೆಕಾಡು ದಾಟೋವಷ್ಟರಲ್ಲಿ ಗಾಡಿ ಮುಗ್ಗರಿಸತೊಡಗಿತು. ಆ ಕಾಡಿನ ನಡುವೆ ನಿಲ್ಲೋದು ಯಾರಿಗೂ ಬೇಡ. ಹೇಗೋ ಮನೆ ಸೇರಿತು. ಬೆಳಿಗ್ಗೆ ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತೆ, ಸ್ಟಾರ್ಟ್ ಆಗಲ್ಲ. ಕೀ ಆನ್ ಮಾಡಿದಾಗ ಹಿಂದಿನಿಂದ ಎರಡು ಮೂರು ಸೆಕೆಂಡ್ ಗುಂಯ್ ಅಂತ ಬರುತ್ತಿದ್ದ ಸದ್ದು ಬರಲೇ ಇಲ್ಲ.

ಸದ್ದಿಲ್ಲ ಅಂದ ತಕ್ಷಣ ಪಂಪ್ ಹೋಯ್ತು ಅಂತ ತೀರ್ಮಾನ ಮಾಡಬೇಡಿ. ಈ ಕೆಲಸದಲ್ಲಿ ನಾನು ಒತ್ತಿ ಹೇಳೋದು ಇದೊಂದೇ. ಫ್ಯೂಸ್, ರಿಲೇ (ಪಂಪಿಗೆ ಕರೆಂಟ್ ಬಿಡುವ ಸ್ವಿಚ್), ವೈರ್, ಅರ್ತ್ (ಕರೆಂಟ್ ಚಾಸಿ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ), ಈ ನಾಲ್ಕರಲ್ಲಿ ಯಾವುದು ಕೈ ಕೊಟ್ಟರೂ ಸದ್ದು ನಿಲ್ಲುತ್ತೆ. ಅದರಲ್ಲೂ ಅರ್ತ್! ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಗಾಡಿಗಳ ಚಾಸಿ ಒಣಗೋದೇ ಇಲ್ಲ. ಅರ್ತ್ ವೈರ್ ಕೂರುವ ಬೋಲ್ಟ್ ತುಕ್ಕು ಹಿಡಿದು, ವೈರಿನ ತುದಿ ಹಸಿರುಗಟ್ಟಿರುತ್ತೆ. ಅದನ್ನು ನೋಡದೆ ಹೊಸ ಪಂಪ್ ಹಾಕಿದರೆ ದುಡ್ಡೂ ಹೋಯ್ತು, ಗಾಡಿಯೂ ಅಲ್ಲೇ.

ಫ್ಯೂಸ್ ಸರಿ ಇತ್ತು. ರಿಲೇ ಬಿಚ್ಚಿ, ಅದೇ ನಂಬರಿನ ಹಾರ್ನ್ ರಿಲೇ ಹಾಕಿ ನೋಡಿದೆ. ಬದಲಾಗಲಿಲ್ಲ. ಆಮೇಲೆ ಟ್ಯಾಂಕಿನ ಹತ್ತಿರದ ಕನೆಕ್ಟರ್ ಬಿಚ್ಚಿ, ಪಂಪಿಗೆ ಹೋಗುವ ಎರಡು ಪಿನ್ನಿಗೂ ಟೆಸ್ಟ್ ಲ್ಯಾಂಪ್ ಕೊಟ್ಟೆ. ಮಲ್ಟಿಮೀಟರ್‌ಗಿಂತ ಇಲ್ಲಿ ಬಲ್ಬೇ ಒಳ್ಳೆಯದು. ವೈರ್ ಒಳಗೆ ಒಂದೇ ಎಳೆ ಉಳಿದಿದ್ದರೂ ಮೀಟರ್ 12 ವೋಲ್ಟ್ ತೋರಿಸಿಬಿಡುತ್ತೆ. ಬಲ್ಬ್ ಕರೆಂಟ್ ಎಳೆಯುವುದರಿಂದ ಮಂಕಾಗಿ ಉರಿದು ಸತ್ಯ ಹೇಳುತ್ತೆ. ಒಬ್ಬರೇ ಇದ್ದಾಗ ತೊಂದರೆ ಏನಂದ್ರೆ, ಕೀ ಮುಂದೆ, ಕನೆಕ್ಟರ್ ಹಿಂದೆ, ಕರೆಂಟ್ ಬರೋದು ಆ ಎರಡು ಮೂರು ಸೆಕೆಂಡ್ ಮಾತ್ರ. ಲ್ಯಾಂಪಿಗೆ ಉದ್ದ ವೈರ್ ಸೇರಿಸಿ, ಬಲ್ಬನ್ನು ಸೈಡ್ ಮಿರರ್‌ಗೆ ನೇತುಹಾಕಿದೆ. ಕೀ ತಿರುಗಿಸಿದರೆ ಕಣ್ಣೆದುರೇ ಉರಿಯಿತು, ಚೆನ್ನಾಗಿ, ಬೆಳ್ಳಗೆ. ಅಂದರೆ ಕರೆಂಟೂ ಬರ್ತಿದೆ, ಅರ್ತೂ ಇದೆ.

ಕೊನೆಯ ಪರೀಕ್ಷೆಗೆ ಕನೆಕ್ಟರ್ ವಾಪಸ್ ಹಾಕಿ, ರಿಲೇ ತೆಗೆದು, ಆ ಸಾಕೆಟ್ಟಿನ 30 ಮತ್ತು 87ನೇ ಪಿನ್ನುಗಳ ನಡುವೆ ಫ್ಯೂಸ್ ಇರುವ ವೈರ್ ಜೋಡಿಸಿದೆ. ಆಗ ಪಂಪಿಗೆ ಸತತ ಕರೆಂಟ್. ಗಾಡಿ ಕೆಳಗೆ ತೂರಿ, ಮರದ ಕೊಡತಿಯಿಂದ ಟ್ಯಾಂಕಿನ ತಳಕ್ಕೆ ಮೆಲ್ಲಗೆ ತಟ್ಟಿದೆ. ಗುಂಯ್ ಅಂತು, ಸ್ವಲ್ಪ ಹೊತ್ತಿಗೆ ನಿಂತಿತು. ಮತ್ತೆ ತಟ್ಟಿದರೆ ಮತ್ತೆ ಗುಂಯ್. ಮೋಟಾರಿನ ಬ್ರಶ್, ಅಂದರೆ ಒಳಗೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು, ಸವೆದಾಗ ಹೀಗಾಗುತ್ತೆ. ಇನ್ನು ಅನುಮಾನ ಉಳಿಯಲಿಲ್ಲ. ಟ್ಯಾಂಕ್ ಇಳಿಸಲೇಬೇಕು.

ಇಲ್ಲಿಂದ ಮುಂದೆ ಅವಸರ ಬೇಡವೇ ಬೇಡ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಇಳಿಜಾರಿಗೆ ಹರಿಯುತ್ತೆ. ನಮ್ಮೂರಲ್ಲಿ ಸಪಾಟಾದ ಅಂಗಳ ಎಷ್ಟು ಮನೆಗಿದೆ ಹೇಳಿ? ನಮ್ಮ ಗಾಡಿ ನಿಲ್ಲೋದು ಮೇಲೆ, ನೀರು ಕಾಯಿಸುವ ಬಚ್ಚಲ ಒಲೆ ಕೆಳಗೆ. ಸೌದೆ ಒಲೆಯ ಕೆಂಡ ಬೂದಿ ಮುಚ್ಚಿಕೊಂಡು ಗಂಟೆಗಟ್ಟಲೆ ಜೀವಂತ ಇರುತ್ತೆ. "ಅಮ್ಮಾ, ಇವತ್ತು ಬಚ್ಚಲ ಒಲೆ ಹಚ್ಚಬೇಡಿ, ನಾನು ಹೇಳೋ ತನಕ" ಅಂತ ಹಿಂದಿನ ರಾತ್ರಿಯೇ ಹೇಳಿದ್ದೆ. ಬೆಳಿಗ್ಗೆ ಹೋಗಿ ಬೂದಿಗೆ ನೀರು ಹೊಯ್ದೂ ಬಂದೆ. ಬಿಸಿನೀರಿಲ್ಲ ಅಂತ ಅಮ್ಮ ಗೊಣಗಿದರು, ನಾನು ಜಗ್ಗಲಿಲ್ಲ. ಬೆಂಕಿ ನಂದಿಸುವ ಪೌಡರ್ ಸಿಲಿಂಡರ್ ಕೈಗೆಟಕುವ ಕಡೆ ಇಟ್ಟೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ. ಕೆಲಸ ಪೂರ್ತಿ ಹಗಲು ಬೆಳಕಲ್ಲೇ. ತಂತಿ ಎಳೆದು ಬಲ್ಬ್ ಹಾಕಿಕೊಂಡು ಈ ಕೆಲಸ ಮಾಡಬಾರದು, ಬಲ್ಬ್ ಒಡೆದರೆ ಮುಗೀತು.

ಟ್ಯಾಂಕಿನ ಪೆಟ್ರೋಲನ್ನು ಕೈಪಂಪಿನಿಂದ ತಗಡಿನ ಕ್ಯಾನಿಗೆ ತೆಗೆದೆ. ಬಾಯಿಂದ ಎಳೆಯೋದು ನಮ್ಮಲ್ಲಿ ಮಾಮೂಲಿ, ದಯವಿಟ್ಟು ಬಿಡಿ. ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೂ ಆಸ್ಪತ್ರೆ. ಪಂಪ್ ನಿಂತಿದ್ದರೂ ಪೈಪಿನಲ್ಲಿ ಪ್ರೆಶರ್ ಉಳಿದಿರುತ್ತೆ, ಹಾಗಾಗಿ ಲೈನ್ ಬಿಚ್ಚುವಾಗ ಬಟ್ಟೆ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿ ಬಿಚ್ಚಿ.

ಟ್ಯಾಂಕ್ ಇಳಿಸೋದು ಅಂದುಕೊಂಡಷ್ಟು ಕಷ್ಟ ಅಲ್ಲ. ಟ್ಯಾಂಕನ್ನು ಹಿಡಿದಿರುವ ಪಟ್ಟಿಗಳ ಬೋಲ್ಟಿಗೆ ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದೆ. ಜ್ಯಾಕ್ ಮೇಲೆ ಹಲಗೆ, ಹಲಗೆ ಮೇಲೆ ಟ್ಯಾಂಕ್. ಎರಡು ಪಟ್ಟಿಯನ್ನೂ ಸ್ವಲ್ಪ ಸ್ವಲ್ಪವೇ ಸಡಿಲ ಮಾಡುತ್ತಾ ಒಂದು ಗೇಣು ಇಳಿಸಿ, ಆ ಸಂದಿಯಲ್ಲಿ ಕೈ ಹಾಕಿ ಮೇಲಿನ ಪೈಪು, ಕನೆಕ್ಟರ್ ಬಿಚ್ಚಿದೆ. ಆಮೇಲೆ ಪೂರ್ತಿ ಕೆಳಗೆ. ಖಾಲಿ ಟ್ಯಾಂಕನ್ನು ಒಬ್ಬರೇ ಎಳೆದುಕೊಳ್ಳಬಹುದು.

ಪಂಪ್ ಕೂತಿರುವ ಮುಚ್ಚಳದ ಸುತ್ತ ಕೆಂಪು ಮಣ್ಣು ಗಟ್ಟಿ ಕೂತಿತ್ತು. ಅದನ್ನು ಹಾಗೇ ತೆರೆದರೆ ಮಣ್ಣೆಲ್ಲಾ ಟ್ಯಾಂಕ್ ಒಳಗೆ. ಬ್ರಶ್ಶಿಂದ ಉಜ್ಜಿ, ಸೈಕಲ್ ಪಂಪಿಂದ ಗಾಳಿ ಹೊಡೆದು, ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಮುಚ್ಚಳವನ್ನು ಹಿಡಿದಿರುವ ದಪ್ಪ ಪ್ಲಾಸ್ಟಿಕ್ ರಿಂಗಿನ ಹಲ್ಲಿಗೆ ಮರದ ತುಂಡು ಕೊಟ್ಟು ಕೊಡತಿಯಿಂದ ತಟ್ಟಿ ತಿರುಗಿಸಿದೆ. ಕಬ್ಬಿಣದ ಉಳಿ, ಸುತ್ತಿಗೆ ಅಲ್ಲಿ ಸುಳಿಯಲೇಬಾರದು, ಒಂದು ಕಿಡಿ ಸಾಕು. ಅಸೆಂಬ್ಲಿ (ಮುಚ್ಚಳ, ಮೋಟಾರ್, ಜಾಲರಿ ಎಲ್ಲಾ ಸೇರಿದ ಸೆಟ್) ಹೊರಗೆ ತೆಗೆಯುವಾಗ, ಪೆಟ್ರೋಲ್ ಮಟ್ಟ ತೋರಿಸಲು ತೇಲುವ ಫ್ಲೋಟಿನ ಕಡ್ಡಿ ಬಾಗದಂತೆ ಓರೆ ಮಾಡಿ ಎಳೆಯಬೇಕು. ಬಾಗಿದರೆ ಪೆಟ್ರೋಲ್ ಮುಳ್ಳು ಸುಳ್ಳು ಹೇಳುತ್ತೆ.

ತಳದಲ್ಲಿ ಒಂದು ಜಾಲರಿ ಚೀಲ ಇರುತ್ತೆ, ಪೆಟ್ರೋಲ್ ಸೋಸಿ ಪಂಪಿಗೆ ಬಿಡೋದು ಅದೇ. ನಮ್ಮದು ಕಪ್ಪು ಕೆಸರು ಮೆತ್ತಿ, ಒಂದು ಮೂಲೆಯಲ್ಲಿ ಮಾತ್ರ ಬಿಳಿ ಎಳೆ ಕಾಣುತ್ತಿತ್ತು. ಬೆರಳಲ್ಲಿ ತೀಡಿದರೆ ನುಣ್ಣನೆಯ ತುಕ್ಕಿನ ಪುಡಿ. ಪಾಪ, ಆ ಮೋಟಾರ್ ಎಷ್ಟು ಕಾಲದಿಂದ ಅದರ ಮೂಲಕ ಎಳೆದು ಎಳೆದು ಸವೆದಿತ್ತೋ. ಪಂಪ್ ತಣ್ಣಗಿರೋದೂ ಪೆಟ್ರೋಲಿನಿಂದಲೇ. ಅದಕ್ಕೇ ಯಾವಾಗಲೂ ರಿಸರ್ವಲ್ಲೇ ಓಡಿಸುವ ಗಾಡಿಗಳ ಪಂಪ್ ಬೇಗ ಹೋಗುತ್ತೆ.

ಸ್ಪೇರ್ಸ್ ಅಂಗಡಿಯಲ್ಲಿ "ಮೋಟಾರ್ ಮಾತ್ರ ಸಾಕಾ, ಅಸೆಂಬ್ಲಿನೇ ಕೊಡ್ಲಾ?" ಅಂತ ಕೇಳಿದ್ದರು. ಮೋಟಾರ್ ಮತ್ತು ಜಾಲರಿ ಮಾತ್ರ ತಂದೆ, ಅಸೆಂಬ್ಲಿಗಿಂತ ತುಂಬಾ ಕಮ್ಮಿ ಆಗುತ್ತೆ. ಹಾಗೆ ತಂದರೆ ಮೋಟಾರಿನಿಂದ ಮುಚ್ಚಳಕ್ಕೆ ಹೋಗುವ ಗೇಣುದ್ದದ ಪೈಪಿನ ಬಗ್ಗೆ ಹುಷಾರಾಗಿರಿ. ಮಾಮೂಲಿ ಪೆಟ್ರೋಲ್ ಪೈಪ್ ಒಳಗಿನಿಂದ ತಡೆಯುತ್ತೆ, ಹೊರಗಿನಿಂದ ಪೆಟ್ರೋಲಲ್ಲಿ ಮುಳುಗಿದ್ದರೆ ಉಬ್ಬಿ ಬಿರಿಯುತ್ತೆ. ಟ್ಯಾಂಕ್ ಒಳಗೆ ಹಾಕೋಕೇ ಮಾಡಿದ ಪೈಪ್ ಬೇರೆ, ಅದರ ಮೇಲೆ ಎಸ್‌ಎಇ ಜೆ30 ಆರ್10 ಅಂತ ಇರುತ್ತೆ. 2023ರ ಫೆಬ್ರವರಿಯಿಂದ ಬಂಕುಗಳಿಗೆ ನೂರಕ್ಕೆ 20 ಭಾಗ ಎಥನಾಲ್ ಬೆರೆಸಿದ ಪೆಟ್ರೋಲ್ ಬರತೊಡಗಿದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತೆ, ಹಳೆ ಕಾಲದ ರಬ್ಬರನ್ನೂ ಹಾಳು ಮಾಡುತ್ತೆ. ನಮ್ಮಂಥ ಮಳೆ ನಾಡಲ್ಲಿ ಪೆಟ್ರೋಲ್ ತುಂಬುವ ಕಡೆಯ ಮುಚ್ಚಳದ ರಬ್ಬರ್ ಕೂಡ ಒಮ್ಮೆ ನೋಡಿಬಿಡಿ.

ಜೋಡಿಸೋದು ಬಿಚ್ಚಿದ್ದರ ಉಲ್ಟಾ. ಪಂಪಿನ ಮುಚ್ಚಳದ ಕೆಳಗಿನ ಓರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಮಾತ್ರ ಹೊಸದೇ ಇರಲಿ, ಹಳೆಯದಕ್ಕೆ ಗಮ್ ಬಳಿದು ಕೂರಿಸಬೇಡಿ. ಟ್ಯಾಂಕಿಗೆ ಪೆಟ್ರೋಲ್ ಹಾಕಿ (ಹೇಗೆ ಅಂತ ಕೊನೆಗೆ ಹೇಳ್ತೀನಿ), ಬ್ಯಾಟರಿ ಕೊಟ್ಟು, ಕೀ ಆನ್ ಮಾಡಿ ಆಫ್ ಮಾಡಿ, ಹೀಗೆ ನಾಲ್ಕೈದು ಸಲ. ಗುಂಯ್ ಅನ್ನೋ ಆ ಸದ್ದು ಕೇಳಿ ಮನಸ್ಸು ಹಗುರಾಯ್ತು. ಆದರೂ ಸೆಲ್ಫ್ ಹೊಡೆಯದೆ ಮೊದಲು ಕೆಳಗೆ ತೂರಿ ಪ್ರತಿ ಜಾಯಿಂಟನ್ನೂ ಬೆರಳಲ್ಲಿ ಮುಟ್ಟಿ ನೋಡಿದೆ. ಈ ಥರದ ಎಂಜಿನ್‌ನಲ್ಲಿ ಲೈನ್ ಪ್ರೆಶರ್ ಸುಮಾರು 3 ಬಾರ್ ಇರುತ್ತೆ, ಸೋರಿದರೆ ತೊಟ್ಟಿಕ್ಕಲ್ಲ, ಚಿಮ್ಮುತ್ತೆ. ಒಣಗಿತ್ತು. ಸ್ಟಾರ್ಟ್ ಮಾಡಿದೆ, ಹಿಡಿಯಿತು.

ಕ್ಯಾನಿಗೆ ತೆಗೆದ ಪೆಟ್ರೋಲನ್ನು ಹಾಗೇ ವಾಪಸ್ ಸುರಿಯಬೇಡಿ. ಒಂದು ಗಾಜಿನ ಬಾಟಲಿಗೆ ಸ್ವಲ್ಪ ಹಾಕಿ ಅರ್ಧ ಗಂಟೆ ನೆರಳಲ್ಲಿ ಬಿಡಿ. ತಳದಲ್ಲಿ ಬೇರೆ ಪದರ ಕಂಡರೆ ನೀರು ಸೇರಿದೆ ಅಂತ ಅರ್ಥ, ಅದು ಗಾಡಿಗೆ ಬೇಡ. ನಮ್ಮದರಲ್ಲಿ ಪದರ ಇರಲಿಲ್ಲ. ಜಾಲರಿ ಲಾಳಿಕೆಯಲ್ಲಿ ಸೋಸಿ ಹಾಕಿದೆ, ಕ್ಯಾನಿನ ತಳದ ಕೆಸರು ಬಿಟ್ಟೆ. ಒಂದಷ್ಟು ದಿನ ಓಡಿದ ಮೇಲೆ ಟ್ಯಾಂಕ್ ಪಟ್ಟಿಯ ಬೋಲ್ಟಿಗೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿ. ನಮ್ಮ ರಸ್ತೆಗಳ ಗುಂಡಿಗೆ ಅದು ಅರ್ಧ ಸುತ್ತಾದರೂ ಸಡಿಲ ಆಗಿರುತ್ತೆ.