ವಿಂಡೋಸ್ 7 ಇರುವವರೆಗೂ ಪೈಥಾನ್ 3.8

ಮಂಡ್ಯದ ಸುತ್ತಮುತ್ತಲಿನ ವೇ ಬ್ರಿಡ್ಜ್‌ಗಳಿಗೆ ತೂಕದ ಚೀಟಿ ಮುದ್ರಿಸುವ ತಂತ್ರಾಂಶ ಬರೆದುಕೊಡುವುದು ನನ್ನ ಕಸುಬು. ಕಬ್ಬಿನ ಗಾಡಿ ಒಳಗೆ ಬಂದಾಗ ಒಂದು ತೂಕ, ಖಾಲಿಯಾಗಿ ಹೊರಡುವಾಗ ಇನ್ನೊಂದು. ಕಳೆದರೆ ರೈತನ ಲೆಕ್ಕ. ಇದಕ್ಕೆ ಮಾಲೀಕರು ಇಟ್ಟಿರುವ ಕಂಪ್ಯೂಟರ್‌ಗಳಲ್ಲಿ ಹಲವು ಇಂದಿಗೂ ವಿಂಡೋಸ್ 7. "ಓಡುತ್ತಿದೆಯಲ್ಲ ಸ್ವಾಮಿ, ಏಕೆ ಬದಲಾಯಿಸಬೇಕು?" ಎನ್ನುತ್ತಾರೆ. ಧೂಳು, ವೋಲ್ಟೇಜ್ ಏರುಪೇರು ಎಲ್ಲವನ್ನೂ ತಾಳಿಕೊಂಡು ಬಂದ ಯಂತ್ರದ ಬಗ್ಗೆ ಎದುರು ಮಾತಾಡುವುದು ಕಷ್ಟ. ಇಂಟರ್ನೆಟ್ ಸಂಪರ್ಕವನ್ನಂತೂ ನಾನು ಕೊಡುವುದಿಲ್ಲ.

ನಾನು ತಂತ್ರಾಂಶ ಬರೆಯುವ ಭಾಷೆ ಪೈಥಾನ್. ವಿಂಡೋಸ್ 7ರಲ್ಲಿ ಅಧಿಕೃತವಾಗಿ ನಡೆಯುವ ಅದರ ಕೊನೆಯ ಆವೃತ್ತಿ 3.8. ಬಂದದ್ದು 2019ರ ಅಕ್ಟೋಬರ್‌ನಲ್ಲಿ; 2024ರ ಅಕ್ಟೋಬರ್‌ಗೆ ಅದರ ಭದ್ರತಾ ತಿದ್ದುಪಡಿಗಳೂ ನಿಂತವು. ಹಾಗೆಂದು ಹೊಸದೆಲ್ಲವನ್ನೂ ವರ್ಜಿಸುವ ಸನ್ಯಾಸ ನನಗೆ ಒಗ್ಗದು. ಯಾವ ಸೌಲಭ್ಯ ಹಳೆಯ ಯಂತ್ರದಲ್ಲಿ ಯಾವ ಗಳಿಗೆಯಲ್ಲಿ ಕೈಕೊಡುತ್ತದೆ ಎಂಬುದನ್ನಷ್ಟೇ ನೋಡುತ್ತೇನೆ.

3.8, 3.9 ಆದ ಮೇಲಿನ 3.10ರಲ್ಲಿ ಬಂದ ಮ್ಯಾಚ್ ನೋಡಿ: ಕೈಗೆ ಬಂದದ್ದು ಯಾವ ನಮೂನೆಗೆ ಹೊಂದುತ್ತದೆ ಎಂದು ನೋಡಿ ಮುಂದಿನ ಕೆಲಸ ಆರಿಸುವ ಪದ. ತೂಕದ ಇಂಡಿಕೇಟರ್ ಸೀರಿಯಲ್ ಕೇಬಲ್ ಮೂಲಕ ಒಂದರ ಹಿಂದೊಂದು ಸಾಲು ಕಳಿಸುತ್ತಲೇ ಇರುತ್ತದೆ. ನಾನು ಕಂಡ ಬಹುತೇಕ ಇಂಡಿಕೇಟರ್‌ಗಳಲ್ಲಿ ತೂಕ ನಿಂತಿದೆಯೋ, ಇನ್ನೂ ಅಲುಗಾಡುತ್ತಿದೆಯೋ, ಮಿತಿ ಮೀರಿದೆಯೋ ಎಂಬ ಗುರುತು ಸಾಲಿನ ಮೊದಲಲ್ಲೇ ಇರುತ್ತದೆ. ಅದನ್ನು ಬಿಡಿಸಲು ಮ್ಯಾಚ್ ಹೇಳಿ ಮಾಡಿಸಿದಂತಿದೆ. ಆದರೆ ಆವೃತ್ತಿ ಪರೀಕ್ಷಿಸುವ ಇಫ್ (ಹೀಗಿದ್ದರೆ ಮಾತ್ರ ಎಂಬ ಷರತ್ತು) ಒಳಗೆ ಅದನ್ನು ಬಚ್ಚಿಟ್ಟರೆ ಪ್ರಯೋಜನವಿಲ್ಲ. ಪೈಥಾನ್ ಮೊದಲು ಇಡೀ ಕಡತವನ್ನು ಓದಿ ಕಂಪೈಲ್ ಮಾಡುತ್ತದೆ, ಅಂದರೆ ಓಡಿಸಬಲ್ಲ ರೂಪಕ್ಕೆ ತರುತ್ತದೆ. ಇಫ್‌ನ ಸರದಿ ಬರುವುದು ಆಮೇಲೆ. ಹಾಗಾಗಿ 3.8 ಬಾಗಿಲಲ್ಲೇ ಸಿಂಟ್ಯಾಕ್ಸ್ ಎರರ್ (ಭಾಷೆಯ ವ್ಯಾಕರಣ ದೋಷ) ಎಂದು ಅಡ್ಡ ನಿಲ್ಲುತ್ತದೆ. ಬೇರೆ ಕಡತದಲ್ಲಿಟ್ಟು ಆವೃತ್ತಿ ನೋಡಿ ಇಂಪೋರ್ಟ್ ಮಾಡಬಹುದು, ಅಂದರೆ ಒಳಗೆ ಕರೆದುಕೊಳ್ಳಬಹುದು, ನಿಜ. ಆಗ ಒಂದೇ ಕೆಲಸವನ್ನು ಎರಡು ಕಡೆ ಬರೆದು ಎರಡನ್ನೂ ಸಾಕಬೇಕು. ಇಫ್, ಎಲಿಫ್‌ಗಳಲ್ಲೇ ಮುಗಿಸುತ್ತೇನೆ, ನೋಡಲು ಒರಟಾದರೂ ಸರಿ.

ಪಠ್ಯದ ಆರಂಭದ ಗೊತ್ತಾದ ತುಣುಕನ್ನು ಕತ್ತರಿಸುವ 3.9ರ ರಿಮೂವ್‌ಪ್ರಿಫಿಕ್ಸ್‌ನದು ಇಂಥ ರಗಳೆಯಲ್ಲ. ಅದೇ ಕೆಲಸದ ಪುಟ್ಟ ಫಂಕ್ಷನ್ ಬರೆದಿಟ್ಟುಕೊಂಡರೆ ಆಯಿತು.

ನಾನು ಹೆದರುವುದು ಎರಡು ಡಿಕ್ಷನರಿಗಳನ್ನು (ಹೆಸರು-ಮೌಲ್ಯಗಳ ಜೋಡಿ ಪಟ್ಟಿ) ಉದ್ದಗೆರೆಯಿಂದ (|) ಜೋಡಿಸುವ ಸೌಲಭ್ಯಕ್ಕೆ. ಇದೂ 3.9ರದ್ದೇ. ಆ ಚಿಹ್ನೆ ಮೊದಲಿನಿಂದಲೂ ಭಾಷೆಯಲ್ಲಿರುವುದರಿಂದ 3.8 ಕಡತವನ್ನು ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ. ತಂತ್ರಾಂಶ ತೆರೆಯುತ್ತದೆ, ತೂಕವೂ ಕಾಣುತ್ತದೆ. ಆ ಸಾಲು ಓಡುವ ಕ್ಷಣಕ್ಕೆ ಟೈಪ್ ಎರರ್, ಅಂದರೆ ಈ ಬಗೆಯ ವಸ್ತುಗಳ ಮೇಲೆ ಆ ಚಿಹ್ನೆ ನಡೆಯದು ಎಂಬ ದೋಷ. ಅದು ಖಾಲಿ ಗಾಡಿಯ ಚೀಟಿ ಮುದ್ರಿಸುವ ಸಾಲಾದರೆ, ರಾತ್ರಿ ಹನ್ನೊಂದಕ್ಕೆ ಟ್ರ್ಯಾಕ್ಟರ್‌ಗಳ ಸಾಲು ರಸ್ತೆಗೆ ಬರುತ್ತದೆ, ನನ್ನ ಮೊಬೈಲ್ ಹೊಡೆದುಕೊಳ್ಳುತ್ತದೆ. ಇದಕ್ಕಿಂತ ಸಿಂಟ್ಯಾಕ್ಸ್ ಎರರ್ ಎಷ್ಟೋ ಮರ್ಯಾದಸ್ಥ.

ಭಾಷೆ ಕಟ್ಟುವವರಿಗೂ ಈ ಸಂಕಟ ತಪ್ಪಿದ್ದಲ್ಲ. 3.7ರಲ್ಲಿ ಅಸಿಂಕ್ ಎಂಬುದನ್ನು ಪೂರ್ಣ ಕಾಯ್ದಿಟ್ಟ ಪದ (ಬೇರಾವುದಕ್ಕೂ ಹೆಸರಾಗಿ ಬಳಸಲಾಗದ್ದು) ಮಾಡಿದಾಗ, ಅದೇ ಹೆಸರನ್ನು ಬಳಸಿದ್ದ ಹಳೆಯ ಕೋಡ್ ಮುರಿಯಿತು. ಮ್ಯಾಚ್ ತಂದಾಗ ಎಚ್ಚರ ವಹಿಸಿದರು: ಅದು ಸಂದರ್ಭ ನೋಡಿ ಮಾತ್ರ ವಿಶೇಷ ಪದ, ಉಳಿದಂತೆ ಮಾಮೂಲಿ ಹೆಸರು.

ಮುಂದಿನ ಹಂಗಾಮಿಗೆ ಕೆಲವು ಮಾಲೀಕರು ಹೊಸ ಕಂಪ್ಯೂಟರ್ ತರುತ್ತಾರಂತೆ. ಅವರಿಗೂ ಇದೇ ಕೋಡ್ ಕೊಡುತ್ತೇನೆ. ಪರೀಕ್ಷೆಗಳು ಮಾತ್ರ 3.8ರಲ್ಲೂ ನಡೆಯಬೇಕು, ಹೊಸದರಲ್ಲೂ ನಡೆಯಬೇಕು. ಒಂದು ಕಡೆ ಬಿದ್ದರೂ ಪೆನ್‌ಡ್ರೈವ್‌ಗೆ ಹಾಕುವುದಿಲ್ಲ.