ಹಾಂಗ್‌ಕಾಂಗ್: ಕೆಳ ಅಂತಸ್ತಿನ ಟಿಕೆಟ್

ಹಾಂಗ್‌ಕಾಂಗ್‌ನಲ್ಲಿ ಸಂಜೆಯ ಟೂರ್ ಮಾಡುವವರು ನವೆಂಬರಿನಲ್ಲಿ ಹೋಗಬೇಕು. ಮಂಜು ಕಡಿಮೆ, ಬೆವರು ಕಡಿಮೆ, ಆರು ಗಂಟೆಗೆಲ್ಲ ಕತ್ತಲು. ನಾನು, ನನ್ನವರು, ಗಂಗೊಳ್ಳಿಯ ನಮ್ಮ ಅತ್ತೆ ಹೋದದ್ದು ಆಗಲೇ. ಕೌಲೂನಿನ ಹೋಟೆಲಿನಿಂದ ನಮ್ಮನ್ನು ಹತ್ತಿಸಿಕೊಂಡ ಮಿನಿಬಸ್ಸು ಸಮುದ್ರದಡಿಯ ಸುರಂಗಕ್ಕೆ ನುಗ್ಗಿ ಆಚೆ ದ್ವೀಪದಲ್ಲಿ ಮೇಲೆದ್ದಿತು. "ಸಮುದ್ರ ಎಲ್ಲಿ?" ಅಂದರು ಅತ್ತೆ. "ಈಗಷ್ಟೇ ದಾಟಿದೆವು" ಅಂದೆ. ಸೇತುವೆ ಇಲ್ಲದ ಕಾಲದಲ್ಲಿ ಕುಂದಾಪುರದ ಪೇಟೆಗೆ ದೋಣಿಯಲ್ಲೇ ಹೋಗಿಬಂದವರು ಅವರು. ಇದನ್ನು ದಾಟುವುದು ಅಂತ ಒಪ್ಪಲೇ ಇಲ್ಲ.

ಮೊದಲು ವಿಕ್ಟೋರಿಯಾ ಪೀಕ್. ಬೆಟ್ಟಕ್ಕೆ ಹೋಗುವ ಪೀಕ್ ಟ್ರಾಮ್ 1888 ರಿಂದ ಓಡುತ್ತಿದೆ, ಉಕ್ಕಿನ ಹಗ್ಗ ಅದನ್ನು ಮೇಲಕ್ಕೆ ಎಳೆಯುತ್ತದೆ. ಸರತಿ ಸಾಲು ಉದ್ದವಿತ್ತು, ಅದರ ಬಗ್ಗೆ ಹೇಳುವಂಥದ್ದು ಏನಿಲ್ಲ. ಏರು ಎಷ್ಟು ಕಡಿದೆಂದರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತದೆ, ಕಿಟಕಿಯಾಚೆಯ ಮೂವತ್ತು ನಲವತ್ತು ಮಹಡಿಯ ಕಟ್ಟಡಗಳು ಬೆಟ್ಟದ ಕಡೆ ವಾಲಿದಂತೆ ಕಾಣುತ್ತವೆ. "ಇದೆಂತ ಮಾರಾಯ್ತಿ, ಬಿಲ್ಡಿಂಗ್ ಎಲ್ಲ ಬೀಳೂಕೆ ಹೊರ್ಟಿತ್ತಲೆ!" ಅಂದು ಅತ್ತೆ ನನ್ನ ಕೈ ಹಿಡಿದುಕೊಂಡರು.

ದುಡ್ಡು ಕೊಟ್ಟು ಹತ್ತುವ ತಾರಸಿಗೆ ಕರೆದೊಯ್ಯದೆ ನಮ್ಮ ಗೈಡ್ ಹೆಂಗಸು ಲುಗಾರ್ಡ್ ರಸ್ತೆಯಲ್ಲಿ ನಡೆಸಿದಳು. ಮರಗಳ ನಡುವೆ ಕಾಲುಗಂಟೆ ನಡೆದರೆ ಒಂದು ತಿರುವಿನಲ್ಲಿ ಇಡೀ ಬಂದರು ತೆರೆದುಕೊಳ್ಳುತ್ತದೆ. ಬಿಟ್ಟಿ ನೋಟ, ಗದ್ದಲವೂ ಇಲ್ಲ. ಐ. ಎಂ. ಪೇ ವಿನ್ಯಾಸದ ಬ್ಯಾಂಕ್ ಆಫ್ ಚೈನಾ ಗೋಪುರದ ತ್ರಿಕೋನಗಳು ಮೊದಲು ಬೆಳಗಿದವು. ಆಚೆ ದಡದಲ್ಲಿ 484 ಮೀಟರಿನ ಐಸಿಸಿ, ಅಂದರೆ ಇಂಟರ್‌ನ್ಯಾಷನಲ್ ಕಾಮರ್ಸ್ ಸೆಂಟರ್ ಎಂಬ ಕಟ್ಟಡ. ಉಳಿದದ್ದೆಲ್ಲ ಬರೀ ಕಚೇರಿಗಳ, ಮನೆಗಳ ದೀಪ. ನಡುವಿನ ನೀರು ಮಾತ್ರ ಇಷ್ಟೇನಾ ಅನ್ನಿಸುವಷ್ಟು ಕಿರಿದು. ದಡಕ್ಕೆ ಮಣ್ಣು ತುಂಬಿ ತುಂಬಿ ಬಂದರನ್ನೇ ಸಪೂರ ಮಾಡಿದ್ದಾರೆ. ಇನ್ನು ತುಂಬದಂತೆ ತಡೆಯುವ ಕಾನೂನು ಬಂದದ್ದು 1997 ರಲ್ಲಿ.

ಇಳಿಯುವಾಗ ಬಸ್ಸು, ಆಮೇಲೆ ಸ್ಟಾರ್ ಫೆರಿ. ಹಸಿರು-ಬಿಳಿ ಬಣ್ಣದ, ಎರಡಂತಸ್ತಿನ ಮೋಟು ಹಡಗು. ಅದಕ್ಕೆ ಮುಂದು ಹಿಂದು ಇಲ್ಲ, ಚಾಲಕನ ಕೋಣೆ ಎರಡೂ ತುದಿಗಿದೆ, ಆದ್ದರಿಂದ ತಿರುಗಿಸುವ ಗೋಜಿಲ್ಲ. ಮರದ ಸೀಟಿನ ಒರಗನ್ನು ಆಚೆಗೆ ಮಗುಚಿದರೆ ನಾವು ಹೋಗುವ ದಿಕ್ಕಿಗೆ ಮುಖ. ಅತ್ತೆ ಎರಡು ಸಲ ಮಗುಚಿ ನೋಡಿದರು. ಮುಂಬಯಿಯಿಂದ ಬಂದ ಪಾರ್ಸಿ ದೊರಾಬ್ಜಿ ನವರೋಜಿ ಮಿಠಾಯಿವಾಲಾ ಶುರು ಮಾಡಿದ ಕೌಲೂನ್ ಫೆರಿ ಕಂಪನಿಯೇ 1898 ರಲ್ಲಿ ಸ್ಟಾರ್ ಫೆರಿ ಆದದ್ದು. ನಾನು ಇದನ್ನು ಹೇಳಿದ್ದೇ ತಡ, ನನ್ನವರು ಹಡಗು ತಮ್ಮದೇ ಎಂಬಂತೆ ಕಾಲು ಚಾಚಿ ಕುಳಿತರು. 1972 ರಲ್ಲಿ ಸುರಂಗ ಬರುವ ತನಕ ಈ ಊರಿನವರು ದಡದಿಂದ ದಡಕ್ಕೆ ಹೋಗುತ್ತಿದ್ದದ್ದು ಹೀಗೆ, ನೀರಿನ ಮೇಲೆ. 1966 ರಲ್ಲಿ ಮೇಲಂತಸ್ತಿನ ದರಕ್ಕೆ ಐದು ಸೆಂಟ್ ಏರಿಸಿದ್ದಕ್ಕೆ ಸೋ ಸೌ-ಚುಂಗ್ ಎಂಬ ಯುವಕ ಫೆರಿ ನಿಲ್ದಾಣದಲ್ಲೇ ಉಪವಾಸ ಕೂತ, ಕೊನೆಗೆ ಕೌಲೂನಿನಲ್ಲಿ ಗಲಭೆಯೇ ಎದ್ದಿತು. ಈಗಲೂ ನಮ್ಮ ಪಕ್ಕದಲ್ಲಿ ಕೂತಿದ್ದವರು ಟೂರಿನವರಲ್ಲ, ತರಕಾರಿ ಚೀಲ ಹಿಡಿದು ಮನೆಗೆ ಹೊರಟವರು. ಒಬ್ಬರೂ ತಲೆಯೆತ್ತಿ ಆ ದೀಪಗಳನ್ನು ನೋಡಲಿಲ್ಲ. ಹತ್ತು ನಿಮಿಷವೂ ಆಗಿರಲಿಲ್ಲ, ಕೌಲೂನ್ ದಡದ ಚಿಮ್ ಶಾ ಚೊಯ್ ಬಂದೇಬಿಟ್ಟಿತು.

ಎಂಟಕ್ಕೆ ದಡದಲ್ಲಿ ನಿಂತು 'ಸಿಂಫನಿ ಆಫ್ ಲೈಟ್ಸ್' ನೋಡಿದೆವು. ಟೂರಿನ ಹಾಳೆಯಲ್ಲಿ ದೊಡ್ಡಕ್ಷರದಲ್ಲಿದ್ದದ್ದು ಇದೇ. ಎದುರಿನ ಕಟ್ಟಡಗಳ ಮೇಲಿಂದ ಲೇಸರ್ ಗೆರೆಗಳು, ಧ್ವನಿವರ್ಧಕದಲ್ಲಿ ಸಂಗೀತ, ನಮಗಿಂತ ಮುಂದೆ ಫೋನ್ ಎತ್ತಿದ ನೂರಾರು ಕೈಗಳು. ನನಗೆ ಸಪ್ಪೆ ಅನ್ನಿಸಿತು. ಸಂಜೆಯಿಂದ ತಾನೇ ತಾನಾಗಿ ಹೊಳೆಯುತ್ತಿದ್ದ ಊರಿಗೆ ಮದುವೆಮನೆಯ ಸೀರಿಯಲ್ ಸೆಟ್ ಕಟ್ಟಿದ ಹಾಗಿತ್ತು. ಪಕ್ಕದಲ್ಲಿ 1915 ರ ರೈಲು ನಿಲ್ದಾಣದ ಗಡಿಯಾರ ಗೋಪುರ ನಿಂತಿದೆ, ನಿಲ್ದಾಣವನ್ನು ಕೆಡವಿ ಗೋಪುರವನ್ನು ಮಾತ್ರ ಉಳಿಸಿಕೊಂಡಿದ್ದಾರೆ. ಅದರ ಕಡೆ ಬೆನ್ನು ಮಾಡಿಯೇ ಎಲ್ಲರೂ ನಿಂತಿದ್ದರು.

ಗೈಡ್ ಬಸ್ಸಿಗೆ ಕರೆದಾಗ ಅತ್ತೆ, "ನೀವು ಹೋಗಿ, ನಾನು ಇನ್ನೊಂದ್ಸಲ ಅದರಲ್ಲಿ ಹೋಗಿ ಬತ್ತೆ" ಅಂದರು. ಒಬ್ಬರನ್ನೇ ಕಳಿಸಲಾದೀತೇ? ಬಸ್ಸನ್ನು ಬಿಟ್ಟೆವು. ಈ ಸಲ ಕೆಳ ಅಂತಸ್ತಿನ ಟಿಕೆಟ್, ಮೇಲಿನದಕ್ಕಿಂತ ಅಗ್ಗ. ಅಲ್ಲಿ ನೀರು ಕೈಗೆ ಸಿಗುವಷ್ಟು ಹತ್ತಿರ, ಡೀಸೆಲ್ ವಾಸನೆ, ಇಂಜಿನ್ನಿನ ನಡುಕ ಪಾದಕ್ಕೆ ತಾಗುತ್ತದೆ. ದಡ ಸಮೀಪಿಸಿದಾಗ ನೀಲಿ ಅಂಗಿಯ ನಾವಿಕನೊಬ್ಬ ಕೊಕ್ಕೆಕೋಲಿನಿಂದ ದಪ್ಪ ಹಗ್ಗವನ್ನು ಎಳೆದು, ನೋಡದೆಯೇ ಎಂಬಷ್ಟು ಸಲೀಸಾಗಿ ಸಿಕ್ಕಿಸಿದ. ಅತ್ತೆ ತಲೆದೂಗಿದರು. ಆ ಮೆಚ್ಚುಗೆ ಲೇಸರಿಗೂ ಸಿಕ್ಕಿರಲಿಲ್ಲ, ನನ್ನ ಸಾರಿಗೂ ಸಿಗುವುದು ಅಪರೂಪ.

ಆ ದಡದಲ್ಲಿ ಇಳಿದು, ಮತ್ತೆ ದುಡ್ಡು ಕೊಟ್ಟೇ ವಾಪಸು ಹತ್ತಬೇಕು. ಹಾಗೇ ಮಾಡಿದೆವು. ನನ್ನವರು ಹಸಿವು ಅಂತ ಗೊಣಗತೊಡಗಿದ್ದರು. ಚಿಮ್ ಶಾ ಚೊಯ್‌ನ ಚುಂಗ್‌ಕಿಂಗ್ ಮ್ಯಾನ್ಶನ್ಸ್ ಎಂಬ ಕಟ್ಟಡದಲ್ಲಿ ರಾತ್ರಿ ಹೊತ್ತಿಗೂ ಬಿಸಿ ರೋಟಿ, ದಾಲ್ ಸಿಗುತ್ತದೆ, ಅಲ್ಲಿಗೆ ನಡೆದೆವು.