ಕೋರ್ಟು ಬಿಟ್ಟರೂ ಇಮಿಗ್ರೇಷನ್ ಬಿಡದು

ಕಳೆದ ಚಳಿಗಾಲದಲ್ಲಿ ಒಂದು ರಾತ್ರಿ ಹತ್ತೂವರೆಗೆ ಫೋನ್ ಬಂತು. "ಅಕ್ಕಾ, ಒಂದು ತಪ್ಪಾಗಿಬಿಟ್ಟಿದೆ." ಹಾಸನದ ಕಡೆಯ ಹುಡುಗ. ಇಲ್ಲಿ ಅಮೆರಿಕದ ಅಯೋವಾ ರಾಜ್ಯದಲ್ಲಿ ಎಂ.ಎಸ್. ಓದುತ್ತಿದ್ದಾನೆ, ಯುಗಾದಿಗೆ ನಮ್ಮ ಮನೆಗೆ ಒಬ್ಬಟ್ಟು ತಿನ್ನಲು ಬರುತ್ತಾನೆ. ಅಂಗಡಿಯಲ್ಲಿ ಸೆಲ್ಫ್ ಚೆಕ್‌ಔಟ್ ಮಾಡುವಾಗ ಒಂದು ಇಯರ್‌ಫೋನು, ಶೇವಿಂಗ್ ಬ್ಲೇಡಿನ ಪ್ಯಾಕೆಟ್ಟು ಸ್ಕ್ಯಾನ್ ಮಾಡದೆ ಚೀಲಕ್ಕೆ ಹಾಕಿದ್ದ. ಒಟ್ಟು 64 ಡಾಲರ್. ಬಾಗಿಲಲ್ಲೇ ಹಿಡಿದರು. ಪೊಲೀಸರು ಕೋಳ ಹಾಕಿ ಕರೆದುಕೊಂಡು ಹೋಗಿ, ಬೆರಳಚ್ಚು ತೆಗೆದುಕೊಂಡು, ಕೋರ್ಟಿನ ತಾರೀಖು ಕೊಟ್ಟು ಕಳಿಸಿದ್ದರು.

ರೂಮಿನವರು ಆಗಲೇ ಧೈರ್ಯ ಹೇಳಿದ್ದರು. "ಮೊದಲ ಸಲ ಅಲ್ವಾ? ಡಿಫರ್ಡ್ ಜಡ್ಜ್‌ಮೆಂಟ್ ಕೇಳು. ತಪ್ಪು ಒಪ್ಕೊ, ಒಂದು ವರ್ಷ ಸುಮ್ನಿರು, ಕೇಸೇ ಇರಲ್ಲ."

ಅವರು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಅಯೋವಾದಲ್ಲಿ ಆರೋಪಿ ತಪ್ಪೊಪ್ಪಿಕೊಂಡ ಮೇಲೂ ಜಡ್ಜ್ ತೀರ್ಪು ಬರೆಯದೆ ಮುಂದಕ್ಕೆ ಹಾಕಬಹುದು. ಅಷ್ಟು ದಿನ ಅವನು ಪ್ರೊಬೇಷನ್‌ನಲ್ಲಿ, ಅಂದರೆ ಕೋರ್ಟಿನ ನಿಗಾದಲ್ಲಿ ಇರಬೇಕು. ಸಣ್ಣ ಕೇಸುಗಳಲ್ಲಿ ಸಾಮಾನ್ಯವಾಗಿ ಒಂದೆರಡು ವರ್ಷ. ಹೇಳಿದ ಹಣ ಕಟ್ಟಬೇಕು, ಮತ್ತೆ ತಂಟೆ ಮಾಡಬಾರದು. ಸರಿಯಾಗಿ ಮುಗಿಸಿದರೆ ತೀರ್ಪನ್ನು ಬರೆಯುವುದೇ ಇಲ್ಲ, ಕೋರ್ಟಿನ ದಾಖಲೆಯನ್ನೂ ಜನರ ಕಣ್ಣಿಂದ ತೆಗೆಯುತ್ತಾರೆ. ನಡುವೆ ಎಡವಿದರೆ ಜಡ್ಜ್ ಅದೇ ಹಳೇ ತಪ್ಪೊಪ್ಪಿಗೆ ಇಟ್ಟುಕೊಂಡು ಶಿಕ್ಷೆ ಕೊಡಬಹುದು. ಇದು ಎಲ್ಲರಿಗೂ ಸಿಗುವುದಿಲ್ಲ. ಹಿಂದೆ ದೊಡ್ಡ ಅಪರಾಧದಲ್ಲಿ ಶಿಕ್ಷೆಯಾದವರಿಗೆ ಇಲ್ಲ. ಈಗಾಗಲೇ ಎರಡು ಸಲ ಪಡೆದವರಿಗೂ ಇಲ್ಲ. ಆ ಲೆಕ್ಕಕ್ಕೇ ಒಂದು ಗುಪ್ತ ಪಟ್ಟಿ ಇಟ್ಟಿರುತ್ತಾರೆ. ಅಂದರೆ ಪೂರ್ತಿ ಅಳಿಸಿಹೋಗುವುದು ಅಂತ ಏನೂ ಇಲ್ಲ.

ನಮ್ಮಲ್ಲೂ 1958ರ ಪ್ರೊಬೇಷನ್ ಕಾಯ್ದೆ ಇದೆ. ಒಳ್ಳೆ ನಡತೆಗೆ ಮುಚ್ಚಳಿಕೆ ಬರೆಸಿಕೊಂಡು ಮೂರು ವರ್ಷದವರೆಗೆ ಬಿಡುತ್ತಾರಲ್ಲ, ಅದು. ಆದರೆ ಅಲ್ಲಿ ಮೊದಲು ತಪ್ಪಿತಸ್ಥ ಅಂತ ತೀರ್ಪು ಆಗಿರುತ್ತದೆ, ತಡೆಯುವುದು ಶಿಕ್ಷೆಯನ್ನು ಮಾತ್ರ. ಇಲ್ಲಿ ತೀರ್ಪನ್ನೇ ತಡೆಯುತ್ತಾರೆ. ಇಲ್ಲಿಯ ಹುಡುಗರಿಗೆ ಇದು ದೊಡ್ಡ ಉಪಕಾರ.

ವೀಸಾದಲ್ಲಿರುವ ನಮ್ಮವರಿಗೆ ಮಾತ್ರ ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಕತೆ. ಇಮಿಗ್ರೇಷನ್ನಿಗೆ ರಾಜ್ಯದ ಕಾನೂನು ಏನೆನ್ನುತ್ತದೆ ಅನ್ನುವುದು ಬೇಕಾಗಿಲ್ಲ. 1996ರ ಕೇಂದ್ರ ಕಾನೂನು ನೋಡುವುದು ಎರಡೇ: ತಪ್ಪೊಪ್ಪಿಕೊಂಡೆಯಾ, ಏನಾದರೂ ಶಿಕ್ಷೆಯೋ ನಿರ್ಬಂಧವೋ ಆಯಿತಾ? ಪ್ರೊಬೇಷನ್ ಕೂಡ ನಿರ್ಬಂಧವೇ. ಎರಡೂ ಇದ್ದರೆ ಅವರ ಪಾಲಿಗೆ ಶಿಕ್ಷೆಯಾದಂತೆ ಲೆಕ್ಕ. ಕಳ್ಳತನವಂತೂ ಅವರ ಕಣ್ಣಿಗೆ ನೀತಿಗೆಟ್ಟ ಅಪರಾಧ. 300 ಡಾಲರ್ ದಾಟದ ಕಳ್ಳತನಕ್ಕೆ ಇಲ್ಲಿ ಹೆಚ್ಚೆಂದರೆ 30 ದಿನ ಜೈಲು. ಅಂಥ ಒಂದು ಕೇಸಿಗೇ ಗಡೀಪಾರು ಆಗದೇ ಇರಬಹುದು, ಎರಡಾದರೆ ಕಷ್ಟ.

"ಹಂಗಾದ್ರೆ ಒಪ್ಕೊಳ್ಳೋದು ಬೇಡ್ವಾ ಅಕ್ಕಾ?" ಅಂದ. "ಲಾಯರ್ ಹೇಳೋತನಕ ಬಾಯೇ ಬಿಡಬೇಡ," ಅಂದೆ. ಅದೂ ಇಮಿಗ್ರೇಷನ್ ಗೊತ್ತಿರುವ ಲಾಯರ್. ಹೊಂಡುರಾಸ್ ಮೂಲದ ಪಡಿಯಾ ಎಂಬ ಲಾರಿ ಡ್ರೈವರ್ 40 ವರ್ಷ ಇಲ್ಲಿದ್ದವನು, ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವನು. ಏನೂ ಆಗಲ್ಲ ಅಂತ ಲಾಯರ್ ಹೇಳಿದ ಮಾತು ನಂಬಿ ಗಾಂಜಾ ಕೇಸಲ್ಲಿ ಒಪ್ಪಿಕೊಂಡ, ಗಡೀಪಾರಿನ ಬಾಯಿಗೆ ಬಿದ್ದ. ಗಡೀಪಾರಿನ ಅಪಾಯವನ್ನು ಲಾಯರ್ ತಿಳಿಸಲೇಬೇಕು ಅಂತ 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಅವನ ಕೇಸಿನಲ್ಲೇ.

ನಮ್ಮ ಹುಡುಗನ ಪುಣ್ಯ, ಅವನ ಲಾಯರ್ ಸರ್ಕಾರಿ ವಕೀಲರ ಜೊತೆ ಕೂತು ಬೇರೆ ದಾರಿ ಹುಡುಕಿದರು. ತಪ್ಪೊಪ್ಪಿಗೆಯೇ ಇಲ್ಲ. ಒಂದು ಕ್ಲಾಸು, 20 ಗಂಟೆ ಸೇವೆ, ಆಮೇಲೆ ಕೇಸು ವಜಾ. ಎಲ್ಲ ಕಡೆ ಇದಕ್ಕೆ ಒಪ್ಪುವುದಿಲ್ಲ. ಎರಡು ಶನಿವಾರ ಬಡವರಿಗೆ ದಿನಸಿ ಹಂಚುವ ಕಡೆ ನಿಂತು ಆಲೂಗಡ್ಡೆ ಆರಿಸಿದ. ಕೊಳೆತದ್ದು ಒಂದು ಡಬ್ಬಕ್ಕೆ, ಒಳ್ಳೇದು ಒಂದಕ್ಕೆ.

ಮೊನ್ನೆ ಮನೆಗೆ ಬಂದಿದ್ದ. ಅಕ್ಕನ ಮದುವೆಗೆ ಊರಿಗೆ ಹೋಗಬೇಕು, ಬರುವಾಗ ವೀಸಾ ಸ್ಟ್ಯಾಂಪ್ ಆಗಬೇಕು. ವೀಸಾ ಅರ್ಜಿಯ ಡಿಎಸ್-160 ಫಾರಂ ಫೋನಿನಲ್ಲಿ ತೆರೆದು ತೋರಿಸಿದ. ನಿಮ್ಮನ್ನು ಎಂದಾದರೂ ಬಂಧಿಸಿದ್ದಾರೆಯೇ, ಕ್ಷಮೆ ಸಿಕ್ಕಿದ್ದರೂ ಹೇಳಿ ಅಂತ ಇತ್ತು.

"ಹೌದು ಅಂತ ಒತ್ತು. ಕೋರ್ಟಿನ ಕಾಗದ ಜೊತೆಗಿಟ್ಕೊ," ಅಂದೆ.

"ಹೌದು" ಒತ್ತಿದರೆ ಕೆಳಗೊಂದು ಖಾಲಿ ಚೌಕ ತೆರೆಯುತ್ತದೆ, ವಿವರಿಸಿ ಅಂತ. ಕಾಫಿ ಆರುವ ತನಕ ಅದನ್ನೇ ನೋಡುತ್ತಾ ಕೂತಿದ್ದ.